ಆಫ್ರಿಕಾದ ಹಕ್ಕಿಗೆ ಭಾರತದ ವಿಳಾಸ

ಒಣಗಿಸಿಟ್ಟ ಹಕ್ಕಿಗಳ ಕಾಲಿಗೆ ಕಟ್ಟಿದ ಚೀಟಿ ಓದುವುದೇ ನನ್ನ ಕೆಲಸದಲ್ಲಿ ಅರ್ಧ. ಹೊಸದಾಗಿ ಕಲಿಯಲು ಬಂದವರಿಗೆ ಮೊದಲು ಆಫ್ರಿಕಾದ ಒಂದು ಪುಟ್ಟ ನೇಕಾರ ಹಕ್ಕಿಯ ಚೀಟಿ ತೋರಿಸುತ್ತೇನೆ: ಕ್ವೆಲಿಯಾ ಕ್ವೆಲಿಯಾ (ಲಿನೇಯಸ್, 1758). "ಸಾರ್, ಎರಡು ಸಲ ಬರೆದುಬಿಟ್ಟಿದ್ದಾರೆ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ.

ಇಲ್ಲ, ಸರಿಯಾಗಿಯೇ ಇದೆ. ಮೊದಲನೆಯದು ಕುಲದ ಹೆಸರು, ಎರಡನೆಯದು ಪ್ರಭೇದದ್ದು. ಪ್ರಾಣಿಗಳಲ್ಲಿ ಎರಡೂ ಒಂದೇ ಆಗಬಹುದು. ಗಿಡಗಳಿಗೆ ಹಾಗೆ ಇಡುವಂತಿಲ್ಲ, ಅಲ್ಲಿನ ನಿಯಮ ಬೇರೆ. ಈ ಹಕ್ಕಿಯಲ್ಲಿ ಮೂರು ಉಪಪ್ರಭೇದಗಳಿವೆ. ಪಶ್ಚಿಮ ಆಫ್ರಿಕಾದ್ದಕ್ಕೆ ಕ್ವೆಲಿಯಾ ಕ್ವೆಲಿಯಾ ಕ್ವೆಲಿಯಾ ಅಂತಲೇ ಹೆಸರು!

ನಾನು ನೋಡಿ ಅಂತ ಹೇಳುವುದು ಲಿನೇಯಸನ ಹೆಸರಿನ ಸುತ್ತ ಇರುವ ಕಂಸವನ್ನು. ಕಂಸ ಇದ್ದರೆ, ಹೆಸರಿಟ್ಟವರು ಹಕ್ಕಿಯನ್ನು ಮೊದಲು ಬೇರೆ ಕುಲಕ್ಕೆ ಸೇರಿಸಿದ್ದರು ಎಂದರ್ಥ. ಜೀವಿಗಳಿಗೆ ಹೀಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ ಇದನ್ನು ಎಂಬೆರಿಜಾ ಕುಲದಲ್ಲಿ, ಬಂಟಿಂಗ್ ಹಕ್ಕಿಗಳ ಜೊತೆ ಕೂರಿಸಿದ್ದ. ಬೀಜ ತಿನ್ನುವ ದಪ್ಪ ಕೊಕ್ಕು ನೋಡಿದರೆ ಅವನನ್ನು ಬೈಯುವ ಹಾಗೂ ಇಲ್ಲ. 1850ರಲ್ಲಿ ಜರ್ಮನಿಯ ರೈಖೆನ್‌ಬಾಖ್ ಇದನ್ನು ಕ್ವೆಲಿಯಾ ಕುಲಕ್ಕೆ ತಂದ. ಆದರೂ ಚೀಟಿಯಲ್ಲಿ ಉಳಿದದ್ದು ಲಿನೇಯಸನ ಹೆಸರೇ.

ಅವನು ಇನ್ನೊಂದು ಎಡವಟ್ಟು ಮಾಡಿದ್ದ. ಸಹಾರಾದ ದಕ್ಷಿಣಕ್ಕಷ್ಟೇ ಇರುವ ಈ ಹಕ್ಕಿಯ ಊರು 'ಭಾರತ' ಅಂತ ಬರೆದಿದ್ದ. ಪೂರ್ವ ದೇಶಗಳಿಂದ ಯುರೋಪಿಗೆ ಮರಳುವ ಹಡಗುಗಳು ದಾರಿಯಲ್ಲಿ ಆಫ್ರಿಕಾದ ಕರಾವಳಿಯಲ್ಲೂ ಹಕ್ಕಿ ಹಿಡಿದು ತರುತ್ತಿದ್ದವು. ಗೊಂದಲ ಅಲ್ಲೇ ಹುಟ್ಟಿರಬೇಕು. 1760ರಲ್ಲಿ ಫ್ರಾನ್ಸಿನ ಬ್ರಿಸನ್ ತನ್ನ ಪುಸ್ತಕದಲ್ಲಿ ಇದು ಸೆನೆಗಲ್ ಹಕ್ಕಿ ಎಂದು ಬರೆದ. ತನ್ನ 'ಸಿಸ್ಟೆಮಾ ನ್ಯಾಚುರೆ' ಪುಸ್ತಕದ 1766ರ ಆವೃತ್ತಿಯಲ್ಲಿ ಲಿನೇಯಸ್ ಕೂಡ ಊರನ್ನು ಆಫ್ರಿಕಾ ಎಂದು ತಿದ್ದಿದ.

ತಮಾಷೆ ಏನು ಗೊತ್ತಾ? ಅದೇ 1766ರ ಆವೃತ್ತಿಯಲ್ಲಿ ನಮ್ಮ ಗೀಜಗಕ್ಕೆ ಫಿಲಿಪ್ಪೀನ್ಸ್ ವಿಳಾಸ ಕೊಟ್ಟ. ಗೀಜಗ ಅಲ್ಲಿನ ಹಕ್ಕಿಯೇ ಅಲ್ಲ. ಮೂಲಸ್ಥಳವನ್ನು ಆಮೇಲೆ ಶ್ರೀಲಂಕಾ ಎಂದು ಸರಿಪಡಿಸಿದರು. ಆದರೆ ಈ ಸಲ ತಪ್ಪು ಹೆಸರಿನೊಳಗೇ ಸೇರಿಕೊಂಡಿತ್ತು: ಪ್ಲೋಸಿಯಸ್ ಫಿಲಿಪ್ಪೈನಸ್. ಅರ್ಥ ಹೊಂದುವುದಿಲ್ಲ ಅಂತ ಹೆಸರು ಬದಲಿಸಲು ನಿಯಮ ಬಿಡುವುದಿಲ್ಲ. ಬಿಟ್ಟಿದ್ದರೆ ನಾವು ವಾರಕ್ಕೊಂದು ಹೊಸ ಪಟ್ಟಿ ಮಾಡುತ್ತಾ ಕೂರಬೇಕಿತ್ತು.

ಈ ಗೀಜಗದ ಕೈಯಲ್ಲಿ ಈಗ ಆಫ್ರಿಕಾದ ಎಷ್ಟೋ ನೇಕಾರ ಹಕ್ಕಿಗಳ ಹೆಸರಿದೆ. ಪ್ಲೋಸಿಯಸ್ ಕುಲಕ್ಕೆ ಮಾದರಿ ಪ್ರಭೇದ ಅದೇ, ಅಂದರೆ ಕುಲದ ಹೆಸರು ಯಾವಾಗಲೂ ಅದರ ಜೊತೆಗೇ ಹೋಗುತ್ತದೆ. ಆ ಕುಲದಲ್ಲಿ ಏಷ್ಯಾ, ಆಫ್ರಿಕಾ, ಮಡಗಾಸ್ಕರ್ ಮೂರೂ ಕಡೆಯ ಹಕ್ಕಿಗಳನ್ನು ತುಂಬಿದ್ದರು. ಗೂಡು ನೇಯುವ ರೀತಿ, ಗಂಡಿನ ಹಳದಿ ಬಣ್ಣ ನೋಡಿದರೆ ಎಲ್ಲ ಒಂದೇ ಮನೆಯವು ಅನಿಸುತ್ತದೆ, ಅಲ್ವಾ? ಡಿಎನ್‌ಎ ಬೇರೆ ಮಾತು ಹೇಳಿತು. ಮಡಗಾಸ್ಕರ್‌ನ ಎರಡು ಪ್ರಭೇದಗಳು ದೂರದ ನೆಂಟರು. ಆಫ್ರಿಕಾದವು ಮಲಿಂಬಸ್ ಎಂಬ ಕಾಡಿನ ನೇಕಾರರಿಗೆ ಹತ್ತಿರ. ಕುಲವನ್ನು ಒಡೆದರೆ ಪ್ಲೋಸಿಯಸ್ ಹೆಸರು ಗೀಜಗದ ಜೊತೆ ಏಷ್ಯಾದಲ್ಲೇ ಉಳಿಯುತ್ತದೆ. ಸಂಖ್ಯೆಯಲ್ಲಿ ಜಾಸ್ತಿ ಇರುವ ಆಫ್ರಿಕಾದವರೇ ಗಂಟುಮೂಟೆ ಕಟ್ಟಿ ಬೇರೆ ಕುಲದ ಹೆಸರಿಗೆ ಹೋಗಬೇಕು.

ಹಾಗಾದಾಗಲೂ ಹಳೆ ಚೀಟಿಯನ್ನು ನಾವು ಬಿಚ್ಚುವುದಿಲ್ಲ. ಹೊಸದನ್ನು ಅದರ ಪಕ್ಕದಲ್ಲೇ ಕಟ್ಟುತ್ತೇವೆ. ಕೆಲವು ಹಕ್ಕಿಗಳ ಕಾಲಲ್ಲಿ ಈಗಾಗಲೇ ನಾಲ್ಕು ಚೀಟಿ ನೇತಾಡುತ್ತಿವೆ.