ರಬ್ಬರ್ ಕೈಯನ್ನೂ ನನ್ನದೇ ಅನ್ನುವ ಮೆದುಳು

ಈ ಕೈ ನಿಮ್ಮದೇನಾ ಅಂತ ಯಾರಾದರೂ ಕೇಳಿದರೆ ನಗು ಬರುತ್ತದೆ, ಅಲ್ವಾ? ಮೆದುಳಿಗೆ ಮಾತ್ರ ಅದು ಅಷ್ಟು ಗ್ಯಾರಂಟಿ ವಿಷಯವಲ್ಲ.

ಇದು ಮೊದಲು ಗೊತ್ತಾಗಿದ್ದು ಕೈಕಾಲು ಕಳೆದುಕೊಂಡವರಿಂದ. ಕತ್ತರಿಸಿ ತೆಗೆದ ಕಾಲು ಈಗಲೂ ನೋಯುತ್ತದೆ ಅನ್ನುವವರ ಬಗ್ಗೆ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರಾಸ್ ಪಾರೆ 16ನೇ ಶತಮಾನದಲ್ಲೇ ಬರೆದಿದ್ದ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡವರಿಗೆ ಚಿಕಿತ್ಸೆ ಕೊಟ್ಟಿದ್ದ ಸೈಲಸ್ ವೀರ್ ಮಿಚೆಲ್ 1871ರಲ್ಲಿ ಇದನ್ನು ‘ಫ್ಯಾಂಟಮ್ ಲಿಂಬ್’ (ಇಲ್ಲದಿದ್ದರೂ ಇದೆ ಅನ್ನಿಸುವ ಅಂಗ) ಎಂದು ಕರೆದ. 1990ರ ದಶಕದಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅಂಥವರ ಮುಂದೆ ಒಂದು ಕನ್ನಡಿ ಇಟ್ಟರು. ಉಳಿದ ಕೈಯ ಪ್ರತಿಬಿಂಬ ಇಲ್ಲದ ಕೈಯ ಜಾಗದಲ್ಲಿ ಕಂಡಾಗ, ಆ ಕೈಯೇ ಅಲ್ಲಾಡಿದ ಹಾಗೆ ಕೆಲವರಿಗೆ ಅನ್ನಿಸಿತು.

ಸರಿ, ಇಲ್ಲದ ಕೈ ಇದೆ ಅನ್ನಿಸಬಹುದು. ಎಲ್ಲ ಸರಿಯಾಗಿರುವವರಿಗೆ ಯಾವುದೋ ಬೊಂಬೆಯ ಕೈ ತಮ್ಮದು ಅನ್ನಿಸುತ್ತದಾ?

1998ರಲ್ಲಿ ಸಂಶೋಧಕರಾದ ಮ್ಯಾಥ್ಯೂ ಬಾಟ್ವಿನಿಕ್ ಮತ್ತು ಜೊನಾಥನ್ ಕೋಹೆನ್ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ವಿಧಾನ ತೀರಾ ಸುಲಭ. ನಿಮ್ಮ ಕೈ ಮೇಜಿನ ಮೇಲೆ, ಅಡ್ಡ ಪರದೆಯ ಆಚೆ. ಕಣ್ಣೆದುರು ಒಂದು ರಬ್ಬರ್ ಕೈ. ಎರಡು ಸಣ್ಣ ಬ್ರಷ್ ಹಿಡಿದು ಎರಡೂ ಕೈಗಳ ಒಂದೇ ಜಾಗವನ್ನು, ಒಂದೇ ಹೊತ್ತಿಗೆ ಸವರುತ್ತಾರೆ. ನೋಡ್ತಾ ನೋಡ್ತಾ, ಬ್ರಷ್ ತಾಗಿದ್ದು ರಬ್ಬರಿಗೇ, ಅದೇ ನನ್ನ ಕೈ ಅನ್ನಿಸಲು ಶುರುವಾಗುತ್ತದೆ. ಆಮೇಲೆ ಕಣ್ಣು ಮುಚ್ಚಿಸಿ ನಿಮ್ಮ ಕೈ ಎಲ್ಲಿದೆ ತೋರಿಸಿ ಅಂದರೆ ತೋರಿಸುವ ಇನ್ನೊಂದು ಕೈಯ ಬೆರಳು ರಬ್ಬರ್ ಕೈಯ ಕಡೆಗೇ ವಾಲುತ್ತದೆ! ಎರಡು ಬ್ರಷ್‌ಗಳ ತಾಳ ತಪ್ಪಿಸಿದರೆ ಈ ಭ್ರಮೆ ಬಹಳ ಮಟ್ಟಿಗೆ ಬಿದ್ದುಹೋಗುತ್ತದೆ. ನನಗೆ ಇಡೀ ಪ್ರಯೋಗದ ಜೀವಾಳ ಇದೇ ಅನ್ನಿಸುತ್ತದೆ. ಕಂಡದ್ದೂ ತಾಗಿದ್ದೂ ಒಂದೇ ಕ್ಷಣಕ್ಕೆ ಕೂಡಿಬಂದರೆ ಮೆದುಳು ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸುತ್ತದೆ, ಜಗಳ ಬಂದರೆ ಹೆಚ್ಚಾಗಿ ಕಣ್ಣಿನ ಮಾತೇ ನಡೆಯುತ್ತದೆ.

2003ರಲ್ಲಿ ರಾಮಚಂದ್ರನ್ ಮತ್ತು ಕ್ಯಾರಿ ಆರ್ಮೆಲ್ ರಬ್ಬರ್ ಕೈಯನ್ನೂ ಬಿಟ್ಟು, ಮರೆಯಲ್ಲಿದ್ದ ನಿಜವಾದ ಕೈಯ ಜೊತೆಗೆ ಸುಮ್ನೆ ಮೇಜನ್ನೇ ಸವರಿದರು. ಮೇಜಿಗೆ ಅಂಟಿಸಿದ್ದ ಬ್ಯಾಂಡೇಜ್ ಪಟ್ಟಿಯನ್ನು ಕಿತ್ತರೆ ನೋಡುತ್ತಿದ್ದವರ ಕೈ ಬೆವರಿತಂತೆ. ಇದನ್ನು ಎಲ್ಲರೂ ಒಪ್ಪಲಿಲ್ಲ: ಕೈಯ ಆಕಾರವಿಲ್ಲದ ಕಟ್ಟಿಗೆ ತುಂಡಿಟ್ಟರೆ ಭ್ರಮೆ ಹುಟ್ಟುವುದಿಲ್ಲ ಅಂತ ಬೇರೆ ಪ್ರಯೋಗಗಳು ತೋರಿಸಿದವು. 2007ರಲ್ಲಿ ಎರಡು ತಂಡಗಳು ಕ್ಯಾಮೆರಾ ಮತ್ತು ಅದರ ದೃಶ್ಯವನ್ನು ಕಣ್ಣೆದುರೇ ತೋರಿಸುವ, ತಲೆಗೆ ಕಟ್ಟುವ ಪುಟ್ಟ ಪರದೆ ಬಳಸಿ ಇದೇ ಆಟವನ್ನು ಇಡೀ ದೇಹದ ಮೇಲೆ ಆಡಿದವು, ತಾವು ತಮ್ಮ ದೇಹದಿಂದ ಆಚೆ ಇದ್ದೇವೆ ಅನ್ನಿಸುವ ಹಾಗೆ.

ಈಗಿನ ತಕರಾರು ಬೇರೆ. ‘ಹೀಗಾಗಬೇಕು’ ಎಂಬ ನಿರೀಕ್ಷೆಯೇ ಈ ಅನುಭವ ಹುಟ್ಟಿಸುತ್ತದಾ? ಹಿಪ್ನಾಟಿಸಂಗೆ ಬೇಗ ಒಗ್ಗುವವರಿಗೆ ರಬ್ಬರ್ ಕೈಯೂ ಜಾಸ್ತಿ ತಮ್ಮದೆನಿಸುತ್ತದೆ ಅಂತ 2020ರಲ್ಲಿ ಪೀಟರ್ ಲಶ್ ತಂಡ ಹೇಳಿತು. ನಿರೀಕ್ಷೆಯೊಂದರಿಂದಲೇ ಇದೆಲ್ಲ ಆಗಲ್ಲ ಅನ್ನುವವರೂ ಇದ್ದಾರೆ, ವಾದ ಇನ್ನೂ ನಡೆದಿದೆ.