ಗೆರೆ, ಡಬ್ಬ, ಸಿಲಿಂಡರ್: ಎಲಿಪ್ಸ್ ಯಾವ ಕಡೆ ವಾಲ್ಬೇಕು ಅನ್ನೋದರ ನೋಟ್ಸ್

ಬೇಸಿಕ್ ಡ್ರಾಯಿಂಗ್ ಕಲಿಯೋರಿಗೆ ಬರೀತಿರೋ ನೋಟ್ಸ್ ಇದು. ಗೆರೆ, ಡಬ್ಬ ಎರಡನ್ನೂ ಬೇಗ ಮುಗಿಸಿ ಸಿಲಿಂಡರ್ ಬಗ್ಗೆ ಉದ್ದಕ್ಕೆ ಬರೀತೀನಿ, ಯಾಕಂದ್ರೆ ಅದು ಈಗಷ್ಟೇ ತಲೆಗೆ ಹತ್ತಿದೆ, ಮರೆಯೋಕೆ ಮುಂಚೆ ಬರೆದಿಡ್ಬೇಕು.

ಗೆರೆ

ಗೆರೆ ನಡುಗೋದು ಕೈ ಸರಿ ಇಲ್ಲ ಅಂತಲ್ಲ. ನಿಧಾನಕ್ಕೆ ಎಳೀತಾ ಕಣ್ಣು ಪೆನ್ನಿನ ತುದಿನೇ ನೋಡ್ತಿದ್ರೆ, ಸ್ವಲ್ಪ ಆಚೆ ಈಚೆ ಆದಾಗೆಲ್ಲ ಕೈ ಸರಿಮಾಡೋಕೆ ಹೋಗುತ್ತೆ, ಆ ಸಣ್ಣ ಸಣ್ಣ ತಿದ್ದುಪಡಿಗಳೇ ಗೆರೆಯಲ್ಲಿ ನಡುಕ ಆಗಿ ಕಾಣೋದು. ಅದಕ್ಕೆ ಎರಡು ಚುಕ್ಕಿ ಇಟ್ಟು, ಪೆನ್ನನ್ನ ಪೇಪರಿಗೆ ತಾಗಿಸದೆ ಗಾಳಿಯಲ್ಲೇ ಎರಡು ಮೂರು ಸಲ ಆಡಿಸಿ, ಕೈಗೆ ದಾರಿ ಗೊತ್ತಾದ್ಮೇಲೆ ಕಣ್ಣನ್ನ ಕೊನೇ ಚುಕ್ಕಿ ಮೇಲಿಟ್ಟು ಒಂದೇ ಸಲ ಎಳೆದುಬಿಡಿ. ಚುಕ್ಕಿ ದಾಟಿ ಹೋದ್ರೆ ಹೋಗ್ಲಿ, ಮೊದಲು ಗೆರೆ ನೇರ ಬರ್ಲಿ, ಗುರಿ ಆಮೇಲೆ ಕೂರುತ್ತೆ. ಉದ್ದ ಗೆರೆ ಆದ್ರೆ ಮಣಿಕಟ್ಟು ಬೇಡ, ಭುಜದಿಂದ ಎಳೀರಿ, ಮಣಿಕಟ್ಟು ಒಂದೇ ಕಡೆ ಕೂತು ತಿರುಗೋದ್ರಿಂದ ಉದ್ದ ಗೆರೆ ಕಮಾನಾಗಿಬಿಡುತ್ತೆ. ಬಂದ ಗೆರೆ ಇಷ್ಟ ಆಗ್ಲಿಲ್ಲ ಅಂತ ಅದರ ಮೇಲೆ ಮತ್ತೆ ಎಳೀಬೇಡಿ, ತಪ್ಪು ಇನ್ನೂ ದಪ್ಪ ಆಗುತ್ತೆ ಅಷ್ಟೇ.

ಡಬ್ಬ

ಡಬ್ಬಕ್ಕೆ ಮೂರು ದಿಕ್ಕು, ಒಂದೊಂದು ದಿಕ್ಕಿಗೆ ನಾಲ್ಕು ಅಂಚು. ಪಕ್ಕದ ಒಂದು ಗೆರೆ ಜೊತೆ ಮಾತ್ರ ಹೋಲಿಸ್ದೆ, ಆ ದಿಕ್ಕಿನ ನಾಲ್ಕೂ ಅಂಚು ದೂರ ಹೋಗ್ತಾ ಒಂದೇ ಕಡೆ ಸೇರೋ ಹಾಗಿದ್ಯಾ ನೋಡಿ. ಮುಗಿದ್ಮೇಲೆ ಬೇರೆ ಬಣ್ಣದ ಪೆನ್ನಲ್ಲಿ ನಾಲ್ಕನ್ನೂ ಹಿಂದಕ್ಕೆ ಉದ್ದ ಮಾಡಿದ್ರೆ ಯಾವುದು ದಾರಿ ತಪ್ಪಿದೆ ಅಂತ ತಕ್ಷಣ ಗೊತ್ತಾಗುತ್ತೆ.

ಸಿಲಿಂಡರ್ (ಇಲ್ಲೇ ನಂಗೆ ಸಿಕ್ಕಾಕ್ಕೊಂಡಿದ್ದು)

ವೃತ್ತವನ್ನ ಓರೆಯಾಗಿ ನೋಡಿದ್ರೆ ಎಲಿಪ್ಸ್ (ಚಪ್ಪಟೆ ಆದ ವೃತ್ತ) ಆಗಿ ಕಾಣುತ್ತೆ, ಅದಕ್ಕೆ ಒಂದು ಉದ್ದದ ಅಕ್ಷ, ಒಂದು ಗಿಡ್ಡ ಅಕ್ಷ, ಅಂದ್ರೆ ಅದರ ಮಧ್ಯದಲ್ಲಿ ಹಾದುಹೋಗೋ ಅತಿ ಉದ್ದದ ಗೆರೆ, ಅತಿ ಗಿಡ್ಡ ಗೆರೆ. ಇಲ್ಲಿವರೆಗೂ ತೊಂದರೆ ಇಲ್ಲ. ಮೇಜಿನ ಮೇಲೆ ಮಲಗಿಸಿರೋ ಸಿಲಿಂಡರನ್ನ ಮೇಲಿಂದ ಓರೆಯಾಗಿ ನೋಡಿ ಬರೆಯೋವಾಗ ಅದರ ಬಾಯಿ ಯಾವ ಕಡೆ ವಾಲ್ಬೇಕು? ಬಾಯಿ ನೆಟ್ಟಗೆ ನಿಂತಿದೆಯಲ್ಲ, ಹಾಗಾಗಿ ಎಲಿಪ್ಸ್‌ನ ಉದ್ದದ ಅಕ್ಷಾನೂ ನೆಟ್ಟಗೆ ಮೇಲಿಂದ ಕೆಳಕ್ಕೆ ಇರ್ಬೇಕು ಅಂತ ಮನಸ್ಸು ಹಟ ಹಿಡಿಯುತ್ತೆ. ಹಾಗೆ ಬರೆದ್ರೆ ಸಿಲಿಂಡರ್ ತಿರುಚಿದ ಹಾಗೆ ಕಾಣುತ್ತೆ, ಯಾಕೆ ಅಂತ ಮಾತ್ರ ಗೊತ್ತಾಗಲ್ಲ.

ಉತ್ತರ ಏನಂದ್ರೆ, ಗಿಡ್ಡ ಅಕ್ಷ ಸಿಲಿಂಡರಿನ ನಡುಗೆರೆ (ಎರಡೂ ತುದಿಯ ಮಧ್ಯ ಸೇರಿಸೋ ಗೆರೆ) ಮೇಲೇ ಕೂರ್ಬೇಕು, ಉದ್ದದ ಅಕ್ಷ ಅದಕ್ಕೆ ಅಡ್ಡಡ್ಡ. ಅಂದ್ರೆ ನಡುಗೆರೆ ಪೇಪರ್ ಮೇಲೆ ಓರೆಯಾಗಿದ್ರೆ ಎಲಿಪ್ಸ್ ಕೂಡ ಓರೆ ಆಗ್ಲೇಬೇಕು, ನಿಜವಾದ ಬಾಯಿ ಎಷ್ಟೇ ನೆಟ್ಟಗಿರ್ಲಿ. ನಂಬಿಕೆ ಬರ್ಲಿಲ್ಲ ಅಂದ್ರೆ ದಪ್ಪ ರಟ್ಟಲ್ಲಿ ಒಂದು ವೃತ್ತ ಕತ್ತರಿಸಿ, ಸರಿಯಾಗಿ ಮಧ್ಯಕ್ಕೆ ಪೆನ್ಸಿಲ್ ಚುಚ್ಚಿ ರಟ್ಟಿಗೆ ಲಂಬವಾಗಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಮುಖದ ಎದುರಿಗೇ ಹಿಡ್ಕೊಂಡು ಹೇಗೆ ಬೇಕಾದ್ರೂ ತಿರುಗಿಸಿ. ಪೆನ್ಸಿಲ್ ಯಾವ ಕಡೆ ವಾಲಿದ್ರೂ ರಟ್ಟು ಕಿರಿದಾಗಿ ಕಾಣೋದು ಪೆನ್ಸಿಲ್ ಹೋಗೋ ದಿಕ್ಕಲ್ಲೇ. ಇದನ್ನ ಒಂದ್ಸಲ ಕಣ್ಣಾರೆ ನೋಡಿದ್ಮೇಲೆ ನಿಯಮ ಬಾಯಿಪಾಠ ಮಾಡೋದೇ ಬೇಕಾಗಿಲ್ಲ.

ಎರಡನೇ ಗೊಂದಲ ಆ ಕಡೆ ತುದಿದು. ದೂರದ ಎಲಿಪ್ಸ್ ಚಿಕ್ಕದಾಗುತ್ತೆ, ಸರಿ, ಆದ್ರೆ ಜೊತೆಗೆ ಹೆಚ್ಚು ದುಂಡಗೂ ಆಗ್ಬೇಕು. ಚಿಕ್ಕದಾಗೋದು ಒಂದು ವಿಷಯ, ದುಂಡಗಾಗೋದು ಇನ್ನೊಂದು, ಇವೆರಡನ್ನ ಬೇರೆ ಬೇರೆ ಇಟ್ಕೊಳ್ಳಿ. ಹತ್ತಿರದ ಬಾಯಿ 60 ಮಿ.ಮೀ. ಉದ್ದ, 18 ಮಿ.ಮೀ. ಅಗಲ ಬರೆದ್ರಿ ಅಂದ್ಕೊಳ್ಳಿ, ದೂರದ್ದು 55 ಉದ್ದ, 22 ಅಗಲ ಇರಬಹುದು: ಉದ್ದ ಕಮ್ಮಿ ಆಯ್ತು, ಆದ್ರೆ ಉದ್ದಕ್ಕೆ ಹೋಲಿಸಿದ್ರೆ ಅಗಲ 0.3ರಿಂದ 0.4ಕ್ಕೆ ಏರಿತು. ಯಾಕೆ ಅಂತ ನೋಡೋಕೆ ಒಂದು ಗಾಜಿನ ಲೋಟ ಸಾಕು. ಲೋಟದ ಬಾಯಿ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರೋ ಹಾಗೆ ಹಿಡೀರಿ, ಬಾಯಿ ಬರೀ ಒಂದು ಗೆರೆ ಆಗಿಬಿಡುತ್ತೆ, ಆದ್ರೆ ತಳ ಇನ್ನೂ ಎಲಿಪ್ಸ್ ಆಗೇ ಕಾಣ್ತಿರುತ್ತೆ. ತಳ ಕಣ್ಣಿನ ಮಟ್ಟದಿಂದ ಕೆಳಗಿದೆ, ಅದರ ಒಳಕ್ಕೆ ನಮ್ಮ ನೋಟ ಜಾಸ್ತಿ ಇಳಿಯುತ್ತೆ. ಮಲಗಿಸಿದ ಸಿಲಿಂಡರಿಗೂ ಇದೇ ಲೆಕ್ಕ.

ಹಾಗಾಗಿ ಬರೆಯೋ ಕ್ರಮ ಹೀಗೆ: ಮೊದಲು ನಡುಗೆರೆ, ಆಮೇಲೆ ಎರಡೂ ತುದಿಗೆ ಅಡ್ಡ ಗುರುತು, ಆಮೇಲೆ ಗಾಳಿಯಲ್ಲಿ ಸುತ್ತಿಸಿ ಎಲಿಪ್ಸ್, ಕೊನೆಗೆ ಅವೆರಡನ್ನ ಹೊರಗಿಂದ ಮುಟ್ಕೊಂಡು ಹೋಗೋ ಎರಡು ಪಕ್ಕದ ಗೆರೆ. ಎಲಿಪ್ಸ್‌ನ ಎರಡು ಕೊನೆ ಚೂಪಾಗಬಾರದು, ಎಷ್ಟೇ ಕಿರಿದಾಗಿದ್ರೂ ಅಲ್ಲಿ ತಿರುವು ದುಂಡಗೇ ಇರ್ಬೇಕು. ಇನ್ನೊಂದು, ಓರೆಯಾಗಿ ಕಾಣೋ ವೃತ್ತದ ನಿಜವಾದ ಕೇಂದ್ರ ಎಲಿಪ್ಸ್‌ನ ಮಧ್ಯದಲ್ಲಿರಲ್ಲ, ಸ್ವಲ್ಪ ದೂರದ ಅಂಚಿನ ಕಡೆ ಇರುತ್ತೆ. ಚಕ್ರಕ್ಕೆ ಅಚ್ಚು ಬರೆಯೋವಾಗ ಇದು ಬೇಕಾಗುತ್ತೆ, ಬರೀ ಸಿಲಿಂಡರಿಗೆ ತಲೆ ಕೆಡಿಸ್ಕೋಬೇಡಿ.

1904ರಲ್ಲಿ ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್, ಇನ್ನೊಬ್ಬ ಚಿತ್ರಕಾರ ಎಮಿಲ್ ಬರ್ನಾರ್‌ಗೆ ಬರೆದ ಪತ್ರದಲ್ಲಿ ಪ್ರಕೃತಿಯನ್ನ ಸಿಲಿಂಡರ್, ಗೋಳ, ಶಂಕುಗಳ ಮೂಲಕ ನೋಡಿ ಅಂದಿದ್ದ. ತೋಳು, ಕಾಂಡ, ಕತ್ತು ಬರೆಯೋವಾಗೆಲ್ಲ ಒಳಗಿರೋದು ಇದೇ ಸಿಲಿಂಡರ್, ಅದಕ್ಕೇ ನಾನು ಇದರ ಮೇಲೆ ಇಷ್ಟು ಹೊತ್ತು ಕೂತಿದ್ದು.

ಒಂದು ಪುಟ ತುಂಬ ಬೇರೆ ಬೇರೆ ದಿಕ್ಕಿಗೆ ನಡುಗೆರೆ ಎಳೆದು ಎಲ್ಲಕ್ಕೂ ಸಿಲಿಂಡರ್ ಬರೀರಿ, ಆಮೇಲೆ ಕೆಂಪು ಪೆನ್ನಲ್ಲಿ ಪ್ರತಿ ಎಲಿಪ್ಸ್‌ನ ನಿಜವಾದ ಗಿಡ್ಡ ಅಕ್ಷ ಹುಡುಕಿ ಎಳೀರಿ. ಕೆಂಪು ಗೆರೆ ನಡುಗೆರೆಯಿಂದ ಎಷ್ಟು ಸರಿದಿದೆಯೋ, ಮುಂದಿನ ಪುಟದಲ್ಲಿ ಅಷ್ಟನ್ನ ತಿದ್ಕೋಬೇಕು.