ಸೌತ್‌ಡೇಲ್: ಛಾವಣಿ ಬಂತು, ಊರು ಬರಲಿಲ್ಲ

ಅಮೆರಿಕದ ಮಿನೆಸೋಟಾ ರಾಜ್ಯದ ಎಡೈನಾ, ಮಿನಿಯಾಪೊಲಿಸ್ ನಗರಕ್ಕೆ ಅಂಟಿಕೊಂಡ ಹೊರವಲಯ. 1956ರ ಅಕ್ಟೋಬರ್ 8ರಂದು ಅಲ್ಲಿ ಬಾಗಿಲು ತೆರೆದ ಸೌತ್‌ಡೇಲ್ ಸೆಂಟರ್, ಪೂರ್ತಿ ಛಾವಣಿಯಡಿಯಲ್ಲಿ ಒಂದೇ ಹವೆಯನ್ನು ಕಾಯ್ದುಕೊಂಡ ಮೊದಲ ಹೊರವಲಯದ ಮಾಲ್. 72 ಅಂಗಡಿ, ಎರಡು ದೊಡ್ಡ ಮಳಿಗೆ, ಸುಮಾರು 8 ಲಕ್ಷ ಚದರ ಅಡಿ, 2 ಕೋಟಿ ಡಾಲರ್ ಖರ್ಚು. ಹಣ ಹಾಕಿದವರು ಮಿನಿಯಾಪೊಲಿಸ್‌ನ ಡೇಟನ್ಸ್ ಮಳಿಗೆಯ ಮಾಲೀಕರು. ನಕ್ಷೆ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್‌ನದು. ಅವನು ವಿಯೆನ್ನಾದ ಯಹೂದಿ, 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ನುಂಗಿದಾಗ ಅಮೆರಿಕಕ್ಕೆ ಓಡಿಬಂದವನು.

ಛಾವಣಿ ಹಾಕಿದ್ದು ಶೋಕಿಗಲ್ಲ. ಮಿನೆಸೋಟಾದ ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುತ್ತದೆ, ಬೇಸಿಗೆಯಲ್ಲಿ ಬೆವರು ಸುರಿಯುತ್ತದೆ. ವರ್ಷದಲ್ಲಿ ಆರಾಮವಾಗಿ ಅಂಗಡಿ ಸುತ್ತಬಹುದಾದ ದಿನಗಳು 126 ಮಾತ್ರ ಎಂಬುದು ಗ್ರೂಯೆನ್‌ನ ಲೆಕ್ಕ. ಒಳಗೆ ವರ್ಷವಿಡೀ ಸುಮಾರು 24 ಡಿಗ್ರಿ ಸೆಲ್ಸಿಯಸ್ ಇಟ್ಟ. ನಡುದಾರಿಯ ಹವೆಯೇ ಹಿತವಾಗಿದ್ದರೆ ಅಂಗಡಿಗಳಿಗೆ ದಪ್ಪ ಹೊರಗೋಡೆ ಬೇಡ, ಬಾಗಿಲೂ ಬೇಡ. ಮುಂಭಾಗ ಪೂರ್ತಿ ತೆರೆದಿಡಬಹುದು. ಹೊಸ್ತಿಲು ದಾಟುವ ಆ ಕ್ಷಣದ ಹಿಂಜರಿಕೆ ಇಲ್ಲವಾದದ್ದು ವ್ಯಾಪಾರಿಗಳಿಗೆ ಸಿಕ್ಕ ದೊಡ್ಡ ಲಾಭ.

ಎರಡನೆಯ ಜಾಣತನ ಮಹಡಿಯದು. ಅಂಗಡಿಗಳನ್ನು ಒಂದೇ ಸಾಲಿನಲ್ಲಿ ಹರಡಿದರೆ ಗಿರಾಕಿ ಅರ್ಧ ದಾರಿಯಲ್ಲೇ ಸುಸ್ತಾಗಿ ಹಿಂದಿರುಗುತ್ತಾನೆ. ಎರಡು ಅಂತಸ್ತು ಮಾಡಿದರೆ ನಡಿಗೆ ಅರ್ಧವಾಗುತ್ತದೆ, ಆದರೆ ಮೇಲಂತಸ್ತಿಗೆ ಜನ ಹತ್ತುವುದಿಲ್ಲ, ಅಲ್ಲಿನ ಬಾಡಿಗೆ ಬೀಳುತ್ತದೆ. ಗ್ರೂಯೆನ್ ಪಾರ್ಕಿಂಗನ್ನೇ ಎರಡು ಮಟ್ಟದಲ್ಲಿ ಹಾಸಿದ. ಒಂದು ಕಡೆಯಿಂದ ಬಂದವರು ನೇರ ಕೆಳ ಅಂತಸ್ತಿಗೆ, ಇನ್ನೊಂದು ಕಡೆಯವರು ನೇರ ಮೇಲಂತಸ್ತಿಗೆ. ಎರಡೂ ಅಂತಸ್ತುಗಳಿಗೆ ನೆಲಮಹಡಿಯ ಬೆಲೆ ಬಂತು. ಇಳಿಜಾರು ನಿವೇಶನ ಸಿಕ್ಕರೆ ಇವತ್ತಿನ ವಾಸ್ತುಶಿಲ್ಪಿಗಳೂ ಮೊದಲು ಯೋಚಿಸುವುದು ಇದನ್ನೇ.

ನಡುವೆ ಎತ್ತರದ ಅಂಗಳ. ಮೀನಿನ ಕೊಳ, ಗಿಡಗಳು, ದೊಡ್ಡ ಹಕ್ಕಿಪಂಜರ, ಶಿಲ್ಪಿ ಹ್ಯಾರಿ ಬರ್ಟೋಯಾನ ಲೋಹದ ಮರಗಳು. ನಮ್ಮ ತೊಟ್ಟಿಮನೆಯ ಹಾಗೆ ಎಲ್ಲ ಕೋಣೆಗಳೂ ನಡುವಿನ ಬೆಳಕಿಗೆ ಮುಖ ಮಾಡಿದ್ದವು, ಮಳೆ ಮಾತ್ರ ಒಳಗೆ ಬೀಳುತ್ತಿರಲಿಲ್ಲ. ಅದೇ ವರ್ಷ ನೋಡಲು ಬಂದ ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್‌ಗೆ ಇದು ಹಿಡಿಸಲಿಲ್ಲ. ಹಳ್ಳಿಬೀದಿಯ ಕೆಡುಕುಗಳೆಲ್ಲ ಇಲ್ಲಿವೆ, ಸೊಗಸು ಮಾತ್ರ ಇಲ್ಲ ಎಂಬರ್ಥದ ಟೀಕೆ ಅವನದು. ನನ್ನ ಮಟ್ಟಿಗೆ ಆ ಟೀಕೆ ಅಂಗಳಕ್ಕಿಂತ ಹೊರಗಿನ ಡಾಂಬರಿಗೆ ಹೆಚ್ಚು ಸಲ್ಲಬೇಕಿತ್ತು.

ಅಲ್ಲಿದ್ದದ್ದು 5,200 ಕಾರುಗಳ ಜಾಗ. ತಿರುಗುವ ದಾರಿ ಸೇರಿ ಕಾರೊಂದಕ್ಕೆ 300 ಚದರ ಅಡಿ ಹಿಡಿದರೂ ಸುಮಾರು 36 ಎಕರೆ. ಡೇಟನ್ಸ್ ಕೊಂಡಿದ್ದ 463 ಎಕರೆಯಲ್ಲಿ ಗ್ರೂಯೆನ್ ಬಯಸಿದ್ದು ಮನೆ, ಶಾಲೆ, ಕಚೇರಿ, ಆಸ್ಪತ್ರೆ, ಕೆರೆ, ಉದ್ಯಾನ ಎಲ್ಲ ಹೆಣೆದುಕೊಂಡ ಊರು. ಮಾಲ್ ಅದರ ಪೇಟೆ ಮಾತ್ರ. ಆದರೆ ಪೇಟೆ ಎದ್ದ ಕೂಡಲೇ ಸುತ್ತಲ ಭೂಮಿಯ ಬೆಲೆ ಏರಿತು, ತುಂಡು ತುಂಡಾಗಿ ಬಿಕರಿಯಾಯಿತು. ಪಕ್ಕದಲ್ಲಿ ಆಸ್ಪತ್ರೆ, ಕಚೇರಿಗಳು ಬಂದವು, ಡಾಂಬರು ದಾಟದೆ ಒಂದರಿಂದ ಇನ್ನೊಂದಕ್ಕೆ ಹೋಗಲಾಗದ ಹಾಗೆ ಬಂದವು. ಊರನ್ನು ಬಿಟ್ಟು ಮಾಲ್ ಎಂಬ ಪೆಟ್ಟಿಗೆಯನ್ನಷ್ಟೇ ನಕಲು ಮಾಡುವುದು ಮಿಕ್ಕವರಿಗೂ ಸುಲಭವಾಯಿತು. 1954ರ ತೆರಿಗೆ ಕಾನೂನು ಬೇರೆ ಜೊತೆಗಿತ್ತು: ಹೊಸ ಕಟ್ಟಡದ ಸವಕಳಿಯನ್ನು, ಅಂದರೆ ಹಳೆಯದಾದಂತೆ ಇಳಿಯುವ ಬೆಲೆಯನ್ನು, ಮೊದಲ ವರ್ಷಗಳಲ್ಲೇ ಹೆಚ್ಚಾಗಿ ತೋರಿಸಿ ತೆರಿಗೆ ಉಳಿಸಬಹುದಿತ್ತು. ಹಳೆಯ ಪೇಟೆಬೀದಿಯನ್ನು ರಿಪೇರಿ ಮಾಡುವುದಕ್ಕಿಂತ ಊರಾಚೆ ಹೊಸದನ್ನು ಕಟ್ಟುವುದು ಲಾಭವಾಯಿತು. 1978ರಲ್ಲಿ ಲಂಡನ್‌ನಲ್ಲಿ ಮಾತಾಡುತ್ತ ಗ್ರೂಯೆನ್ ಈ ನಕಲುಗಳಿಗೂ ತನಗೂ ಸಂಬಂಧವಿಲ್ಲವೆಂದು ಸಿಡುಕಿದ. ಆ ಹೊತ್ತಿಗೆ ಅವನು ವಿಯೆನ್ನಾಗೆ ಮರಳಿಯಾಗಿತ್ತು, ಅಲ್ಲಿನ ಹಳೆಯ ನಗರದಿಂದ ಕಾರುಗಳನ್ನು ಹೊರಗಿಡುವ ಯೋಜನೆಯನ್ನೂ ಮಾಡಿದ್ದ.

ಇಂಥ ಮಾಲ್ ಸಾಯುವ ಬಗೆ ಬಾಡಿಗೆ ಕರಾರಿನಲ್ಲೇ ಬರೆದಿರುತ್ತದೆ. ಜನರನ್ನು ಸೆಳೆಯುವವು ದೊಡ್ಡ ಮಳಿಗೆಗಳು, ಅದಕ್ಕೇ ಅವಕ್ಕೆ ಚದರ ಅಡಿಗೆ ತೀರ ಕಡಿಮೆ ಬಾಡಿಗೆ. ಮಾಲೀಕನ ಆದಾಯ ನಿಂತಿರುವುದು ಸಣ್ಣ ಅಂಗಡಿಗಳ ಮೇಲೆ. ಸಣ್ಣವರ ಕರಾರಿನಲ್ಲಿ ಒಂದು ಷರತ್ತಿರುತ್ತದೆ: ದೊಡ್ಡ ಮಳಿಗೆ ಮುಚ್ಚಿದರೆ ನಮ್ಮ ಬಾಡಿಗೆ ಇಳಿಯಬೇಕು, ಇಲ್ಲವೇ ನಾವು ಬಿಟ್ಟುಹೋಗಬಹುದು. ಒಂದು ಮಳಿಗೆ ಹೋದ ಮೇಲೆ ಮಿಕ್ಕವು ಸಾಲಾಗಿ ಖಾಲಿಯಾಗುವುದು ಹೀಗೆ. ಸೌತ್‌ಡೇಲ್‌ಗೆ ಎರಡು ವರ್ಷ ಮೊದಲು, 1954ರಲ್ಲಿ, ಡೆಟ್ರಾಯಿಟ್ ಹೊರವಲಯದಲ್ಲಿ ಗ್ರೂಯೆನ್ ಕಟ್ಟಿದ ನಾರ್ತ್‌ಲ್ಯಾಂಡ್ ಮಾಲ್, ಮೊದಲು ಛಾವಣಿಯಿಲ್ಲದ್ದು, 2015ರಲ್ಲಿ ಮುಚ್ಚಿತು.

2004ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಫೋರಂ ಮಾಲ್ ತೆರೆದಾಗ, ಅಡ್ಡಡ್ಡ ಹರಡಿದ್ದ ಗ್ರೂಯೆನ್‌ನ ನಕ್ಷೆ ಎತ್ತರಕ್ಕೆ ಎದ್ದು ನಿಂತಿತ್ತು ಎನ್ನಬಹುದು. ಅಲ್ಲಿ ಊರಾಚೆಯ ನೂರಾರು ಎಕರೆ ಇಲ್ಲ, ಹಾಗಾಗಿ ಪಾರ್ಕಿಂಗ್ ನೆಲದಡಿಗೆ ಹೋಯಿತು. 11 ತೆರೆಗಳ ಮಲ್ಟಿಪ್ಲೆಕ್ಸ್ ಮೇಲಕ್ಕೇರಿತು. ಸಿನಿಮಾಕ್ಕೆ ಹೋಗುವವರು ಒಂದೊಂದೇ ಅಂತಸ್ತಿನ ಅಂಗಡಿಗಳನ್ನು ನೋಡಿಕೊಂಡೇ ಹತ್ತಬೇಕು, ನೋಡಿಕೊಂಡೇ ಇಳಿಯಬೇಕು. ಎಸ್ಕಲೇಟರ್‌ಗಳನ್ನು ಒಂದರ ಮೇಲೊಂದು ನೇರವಾಗಿ ಇಡದೆ ಪ್ರತಿ ಅಂತಸ್ತಿನಲ್ಲೂ ನಾಲ್ಕು ಹೆಜ್ಜೆ ನಡೆಸುವ ವಾಡಿಕೆ ಮಾಲ್‌ಗಳಲ್ಲಿ ಬೆಳೆದದ್ದೂ ಇದೇ ಲೆಕ್ಕದಿಂದ.

ಸೌತ್‌ಡೇಲ್ ಇನ್ನೂ ನಡೆಯುತ್ತಿದೆ. ಜೆ.ಸಿ. ಪೆನ್ನಿ ಮಳಿಗೆಯ ಜಾಗಕ್ಕೆ ವ್ಯಾಯಾಮ ಕೇಂದ್ರ ಬಂದಿದೆ, ಪಾರ್ಕಿಂಗ್‌ನ ಒಂದು ಮೂಲೆಯಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಹಳೆಯ ಮಾಲ್‌ನೊಳಗೇ ಏಕೆ ಮನೆ ಮಾಡಬಾರದು ಎಂದು ಕೇಳುವವರಿದ್ದಾರೆ. ಮಳಿಗೆಗಳ ಆಳ ನೂರಾರು ಅಡಿ, ಕಿಟಕಿ ಇಲ್ಲ, ನೀರು ಮತ್ತು ಒಳಚರಂಡಿ ಕೊಳವೆಗಳು ಒಂದೆರಡು ಮೂಲೆಯಲ್ಲಷ್ಟೇ ಇರುತ್ತವೆ. ಪ್ರತಿ ಮನೆಗೂ ಅಡುಗೆಮನೆ, ಬಚ್ಚಲು, ಬೆಳಕು ಕೊಡಬೇಕೆಂದರೆ ಚಪ್ಪಡಿ ಕೊರೆದು ನಡುವೆ ಬಾವಿಯಂಥ ತೆರಪುಗಳನ್ನು ತೆಗೆಯಬೇಕು. ಅದಕ್ಕಿಂತ ಡಾಂಬರು ಅಗೆದು ಹೊಸ ಪಾಯ ಹಾಕುವುದೇ ಎಷ್ಟೋ ಸಲ ಅಗ್ಗ.